ಕುಬೇರಪ್ಪನವರ ಮೂರು ಬಿಲ್ಲು, ಹತ್ತು ದಿನದ ಸೂತಕ

ಅಮೆರಿಕದ ಡಬ್ಲಿನ್ನಿನ ನಮ್ಮ ಬೀದಿಯಲ್ಲಿ ಗರಾಜಿನ ಬಾಗಿಲು ಎದ್ದರೆ ಕಾಣುವುದು ಹೆಚ್ಚುಕಡಿಮೆ ಒಂದೇ ದೃಶ್ಯ: ಎರಡು ಕಾರು, ನೀರಿನ ಬಾಟಲಿಗಳ ಗೋಪುರ, ಬಟ್ಟೆ ಒಣಹಾಕಲು ಮಾತ್ರ ಬಳಸುವ ಟ್ರೆಡ್‌ಮಿಲ್ಲು. ಕುಬೇರಪ್ಪನವರ ಗರಾಜಿನಲ್ಲಿ ಟ್ರೆಡ್‌ಮಿಲ್ಲಿನ ಜಾಗದಲ್ಲಿ ಮೂರು ಬಿಲ್ಲು. ಕರೆಂಟು ಬಿಲ್ಲಲ್ಲ, ನೀರಿನ ಬಿಲ್ಲಲ್ಲ. ಹೆದೆ ಏರಿಸಿ ಬಾಣ ಬಿಡುವ ಅಪ್ಪಟ ಮರದ ಬಿಲ್ಲು.

ವಾರದಲ್ಲಿ ಐದು ದಿನ ಅವರು ರೆಡ್‌ವುಡ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಡೇಟಾಬೇಸು ನೋಡಿಕೊಳ್ಳುತ್ತಾರೆ. ಊರು ಬೇಡ ನಾಯಕರು ಆಳಿದ ಸುರಪುರದ ಕಡೆ. ಇದನ್ನು ಕೇಳಿದ ಕೂಡಲೇ ಕನ್ನಡ ಕೂಟದ ಮಂದಿ ಕಣ್ಣರಳಿಸಿ "ಓಹೋ, ರಕ್ತದಲ್ಲೇ ಬಂದಿದೆ ಬಿಡಿ" ಎನ್ನುತ್ತಾರೆ. ಕುಬೇರಪ್ಪನವರ ಅಜ್ಜ ಟೇಲರು. ಆ ಮನೆಯಲ್ಲಿದ್ದ ಅತ್ಯಂತ ಅಪಾಯಕಾರಿ ಆಯುಧ ಕತ್ತರಿ. ಇವರು ಬಿಲ್ಲು ಮುಟ್ಟಿದ್ದೇ ನಲವತ್ತೊಂದನೆಯ ವಯಸ್ಸಿನಲ್ಲಿ, ಆಫೀಸಿನವರು ಒಗ್ಗಟ್ಟು ಬೆಳೆಯಲೆಂದು ಎಲ್ಲರನ್ನೂ ಬಿಲ್ಲುಗಾರಿಕೆಯ ಮೈದಾನಕ್ಕೆ ಕರೆದೊಯ್ದ ದಿನ. ಉಳಿದವರಿಗೆ ಅಲ್ಲಿ ಫೋಟೋ ಸಿಕ್ಕಿತು, ಇವರಿಗೆ ಗೀಳು ಸಿಕ್ಕಿತು.

ಪರೀಕ್ಷೆ ಬರೆದು ಬೇಟೆಯ ಲೈಸೆನ್ಸು ಪಡೆದರು. ಪ್ರತಿ ವರ್ಷ ಒಂದು ಜಿಂಕೆ ಹೊಡೆಯಲು ಅನುಮತಿ ಕೊಡುವ ಟ್ಯಾಗು ಕೊಂಡರು. ಐದು ವರ್ಷ ಬೆಟ್ಟ ಹತ್ತಿ ಇಳಿದರು. ಹೆಂಡತಿ ವಿಜಯಶ್ರೀ ಅದರ ಸಾರಾಂಶವನ್ನು ಹೀಗೆ ಹೇಳುತ್ತಿದ್ದರು: "ಬ್ಯಾಟಿ ಆಗಿಲ್ಲರಿ, ಬರೇ ಭೇಟಿ ಆಗ್ಯಾವ." ಬಾಣ ಬಿಡುವವರ ಮನೆಯಲ್ಲಿ ಬಾಣಲೆ ಮಾತ್ರ ಖಾಲಿ ಎಂದು ನಾನೂ ಒಂದು ಸೇರಿಸಿದ್ದೆ. ಕುಬೇರಪ್ಪ ನಕ್ಕುಬಿಟ್ಟರು. ನನ್ನ ಮಾತುಗಳ ಗುರಿ ಅವರಿಗೆ ತಗುಲುವುದು ಕಡಿಮೆ.

ಮೂರು ಬಿಲ್ಲು ಯಾಕೆಂದು ಕೇಳದವರಿಲ್ಲ. ಬೆಟ್ಟ ಜುಲೈಯಲ್ಲಿ ಇದ್ದಂತೆ ಸೆಪ್ಟೆಂಬರಿನಲ್ಲಿ ಇರುವುದಿಲ್ಲ, ಜಿಂಕೆಯೂ ಇರುವುದಿಲ್ಲ, ಅದಕ್ಕೆ. ಲಿವರ್‌ಮೋರಿನ ಹಿಂದಿನ ಬೆಟ್ಟಗಳಲ್ಲಿ ಜುಲೈಯ ಜಿಂಕೆ ಬೆಳಗ್ಗೆ ಹೊತ್ತು ಬಯಲಿನ ಅಂಚಿಗೆ ಬರುತ್ತದೆ, ಚುರುಕಾಗಿರುತ್ತದೆ. ಆಗ ತುದಿಗಳು ಹಿಂದಕ್ಕೆ ಬಾಗಿದ ರಿಕರ್ವ್ ಬಿಲ್ಲು. ಅದು ವೇಗದ್ದು, ಆದರೆ ಕೈ ಒಂದು ಕೂದಲೆಳೆ ಅಲುಗಿದರೂ ಚಾಡಿ ಹೇಳುತ್ತದೆ. ಆಗಸ್ಟಿನ ಸೆಕೆಗೆ ಜಿಂಕೆ ಪೊದೆಯೊಳಗೆ ಸೇರಿಕೊಳ್ಳುತ್ತದೆ, ಅಲ್ಲಿ ತೆವಳಿ ಹೋಗಬೇಕು. ಅದಕ್ಕೆ ಮೊಣಕಾಲಿನ ಮೇಲೆ ಕೂತು ಎಳೆಯಬಹುದಾದ, ಹಿಂದೆ ಕುದುರೆ ಸವಾರರು ಬಳಸುತ್ತಿದ್ದ ಮಾದರಿಯ ಗಿಡ್ಡ ಬಿಲ್ಲು. ಸೆಪ್ಟೆಂಬರಿನಲ್ಲಿ ಹಳ್ಳಗಳೆಲ್ಲ ಬತ್ತಿ, ಉಳಿದ ಒಂದೆರಡು ಕೆರೆಗಳಿಗೇ ಎಲ್ಲವೂ ಬರಬೇಕು. ಅಲ್ಲಿ ಕಾದು ನಿಲ್ಲುವ ಕೆಲಸ. ಅದಕ್ಕೆ ಲಾಂಗ್ ಬೋ, ಅಂದರೆ ಆಳುದ್ದದ ನೇರ ಬಿಲ್ಲು. ಮರದ ಪಟ್ಟಿಗೆ ಬಿದಿರಿನ ಪಟ್ಟಿ ಅಂಟಿಸಿ, ಎರಡು ಚಳಿಗಾಲ ಗರಾಜಿನಲ್ಲಿ ಉಜ್ಜಿ, ಕುಬೇರಪ್ಪ ತಾವೇ ಮಾಡಿದ್ದು. ನಿಧಾನ, ನಿಶ್ಶಬ್ದ, ಸಣ್ಣ ತಪ್ಪುಗಳನ್ನು ಮನ್ನಿಸುವ ಗುಣ. ನಮ್ಮ ಕಾನ್ವೆಂಟಿನಲ್ಲಿ ಇಂಥ ಸಿಸ್ಟರ್ ಒಬ್ಬರೇ ಇದ್ದರು, ಅವರನ್ನು ಬೇಗ ವರ್ಗ ಮಾಡಿಬಿಟ್ಟರು.

ಅವರ ಆಫೀಸಿನ ಕಿರಣಕುಮಾರನೂ ಬೇಟೆಗಾರನೇ. ಅವನದು ರಾಟೆ, ದುರ್ಬೀನು, ದೀಪ ಎಲ್ಲ ಇರುವ ಕಾಂಪೌಂಡ್ ಬಿಲ್ಲು.

"ಸರ್, ಒಂದೇ ಬಿಲ್ಲು ಇಟ್ಕೊಳಿ ಸರ್. ಸೀಸನ್ ಮಧ್ಯ ಬಿಲ್ಲು ಚೇಂಜ್ ಮಾಡಿದ್ರೆ ಕೈ ಕನ್‌ಫ್ಯೂಸ್ ಆಗುತ್ತೆ. ಎಲ್ರೂ ಅದನ್ನೇ ಹೇಳೋದು."

"ಕನ್‌ಫ್ಯೂಸ್ ಆಗ್ತದ ಅಂತಾನ ಸೂತಕ ಇಟ್ಟೀನಲ್ಲಪಾ."

ಸೂತಕ ಎಂಬುದು ಕುಬೇರಪ್ಪನವರ ಸ್ವಂತ ಕಾಯಿದೆ. ಬಿಲ್ಲು ಬದಲಾದ ದಿನದಿಂದ ಹತ್ತು ದಿನ ಅದನ್ನು ಬೇಟೆಗೆ ಒಯ್ಯುವಂತಿಲ್ಲ. ಹೊಸ ಕನ್ನಡಕ ಹಾಕಿಕೊಂಡವನಿಗೆ ಮೆಟ್ಟಿಲು ಇದ್ದಲ್ಲಿ ಇರುವುದಿಲ್ಲವಷ್ಟೆ, ಹಾಗೆ ಹೊಸ ಬಿಲ್ಲು ಹಿಡಿದವನಿಗೆ ಗುರಿ ಇದ್ದಲ್ಲಿ ಇರುವುದಿಲ್ಲ. ಹತ್ತು ದಿನವೂ ಬೆಳಗ್ಗೆ ಆರಕ್ಕೆ ಹಿತ್ತಲಿನಲ್ಲಿ ಮೂವತ್ತು ಬಾಣ. ಅದರಲ್ಲಿ ಲೆಕ್ಕಕ್ಕೆ ಬರುವುದು ಮೊದಲನೆಯದು ಮಾತ್ರ. ಮೈ ಬಿಸಿಯಾದ ಮೇಲೆ ಯಾರಾದರೂ ಹೊಡೆದಾರು, ಕಾಡಿನಲ್ಲಿ ಸಿಗುವುದು ತಣ್ಣಗಿನ ಒಂದೇ ಬಾಣ ಎಂಬುದು ಅವರ ವಾದ. ಸೂತಕ ಹಿಡಿದ ದಿನದಿಂದ ಆ ಬಿಲ್ಲಿನ ಕೆಲಸ ಮುಗಿಯುವವರೆಗೆ ಉಳಿದೆರಡು ಬಿಲ್ಲು ಕಣ್ಣಿಗೂ ಬೀಳಕೂಡದು. ಅವು ಮಹಡಿಯ ಅತಿಥಿಗಳ ಕೋಣೆಯ ಕಪಾಟು ಸೇರುತ್ತವೆ. ಮೂರಕ್ಕೂ ಬಾಣ ಬೇರೆ, ಬಾಣದ ಗರಿಯ ಬಣ್ಣ ಬೇರೆ. ಇದೆಲ್ಲ ಮಾಡಿ ಹನ್ನೊಂದನೆಯ ದಿನ ಅವರು ಹೊರಟರೆಂದರೆ ನಮ್ಮ ಬೀದಿಯಲ್ಲಿ ಕಾರು ತೊಳೆಯುತ್ತಿದ್ದವರು ಕೂಡ ನಿಂತು ಕೈ ಎತ್ತುತ್ತಿದ್ದರು.

ಅವರು ಬೇಟೆಗೆ ಹೋಗುವುದು ಮಿಸಸ್ ಫ್ರೇಟಸ್ ಎಂಬ ಎಂಬತ್ತಮೂರರ ವಿಧವೆಯ ರ‍್ಯಾಂಚಿಗೆ. ಗಂಡನ ಹಿರಿಯರು ಪೋರ್ಚುಗಲ್ಲಿನ ದ್ವೀಪಗಳಿಂದ ಬಂದು ಹಸು ಕಟ್ಟಿದವರು. ಅಡುಗೆಮನೆಯ ಗೋಡೆಯಲ್ಲಿ ಮೈತುಂಬ ಬಾಣ ಚುಚ್ಚಿಸಿಕೊಂಡ ಸಂತ ಸೆಬಾಸ್ಟಿಯನ್ನನ ಪಟ. ಅದರ ಕೆಳಗೆ ಕೂತು ಬಿಲ್ಲುಗಾರರಿಗೆ ಆಕೆ ಕಾಫಿ ಕೊಡುತ್ತಾಳೆ. ಒಂದು ಷರತ್ತೂ ಹಾಕುತ್ತಾಳೆ. ಹಿಂದೊಮ್ಮೆ ಯಾರೋ ಅರೆಬರೆ ಹೊಡೆದ ಜಿಂಕೆಯೊಂದು ಮೂರು ಕಾಲಿನಲ್ಲಿ ಕುಂಟುತ್ತ ಆಕೆಯ ನೀರಿನ ತೊಟ್ಟಿಯ ಬಳಿ ಮೂರು ದಿನ ನಿಂತಿತ್ತಂತೆ. ಅಂದಿನಿಂದ ಯಾರೇ ಬಂದರೂ ಬೇಲಿಗೆ ಒಂದು ಪೇಪರ್ ಪ್ಲೇಟು ಸಿಕ್ಕಿಸಿ, ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿ, ಆ ದಿನದ ಬಿಲ್ಲಿನಿಂದ ಹೊಡೆಸುತ್ತಾಳೆ. ಪ್ಲೇಟು ತಪ್ಪಿದರೆ ಮನೆಗೆ.

ಮೊನ್ನೆಯ ಜುಲೈಯಲ್ಲಿ ಕುಬೇರಪ್ಪ ಅನುಮತಿ ಕೇಳಲು ಹೋದಾಗ ಆಕೆ ಹೇಳಿದಳು: "ಕುಬಿ, ಇದೇ ಕೊನೆ. ರ‍್ಯಾಂಚು ಮಾರಿದೆ. ಅಕ್ಟೋಬರಿನಲ್ಲಿ ಕ್ಯಾಂಪ್‌ಬೆಲ್ಲಿಗೆ ಮಗಳ ಅಪಾರ್ಟ್‌ಮೆಂಟಿಗೆ ಹೋಗ್ತೀನಿ. ಕೊಂಡವರು ಬೇಟೆಯವರನ್ನ ಗೇಟಿನೊಳಗೆ ಬಿಡೋದಿಲ್ಲವಂತೆ."

ಕುಬೇರಪ್ಪ ಟೋಪಿ ತೆಗೆದರು.

"ನನ್ನ ಗಂಡ ಇದ್ದಾಗ ಪ್ರತಿ ವರ್ಷ ಈ ಬೆಟ್ಟದ ಒಂದು ಜಿಂಕೆ ಮನೆಗೆ ಬರ್ತಿತ್ತು. ವೈನು, ಬೆಳ್ಳುಳ್ಳಿ ಹಾಕಿ ಎರಡು ದಿನ ನೆನೆಸಿಡ್ತಿದ್ದೆ. ಅವನು ಹೋಗಿ ಏಳು ವರ್ಷ. ಇಲ್ಲಿಂದ ಹೊರಡೋಕೆ ಮುಂಚೆ ಒಂದು ಸಲ ತಿನ್ನಬೇಕು. ತರ್ತೀಯಾ?"

ಐದು ವರ್ಷ ಒಂದೂ ಹೊಡೆಯದವರನ್ನು ಕೇಳಿದ್ದು! ಕುಬೇರಪ್ಪ ತರುತ್ತೇನೆ ಎನ್ನಲಿಲ್ಲ, ನೋಡುತ್ತೇನೆ ಎನ್ನಲೂ ಇಲ್ಲ. "ಸೀಸನ್ನಿನ ಕೊನೆ ದಿನದವರೆಗೂ ಬರ್ತೀನಿ" ಎಂದರು.

ಜುಲೈ ರಿಕರ್ವಿನಲ್ಲಿ ಹೋಯಿತು, ಆಗಸ್ಟು ಗಿಡ್ಡ ಬಿಲ್ಲಿನಲ್ಲಿ. ಸೆಪ್ಟೆಂಬರ್ ಮೊದಲ ವಾರ ಸೂತಕ ಕಳೆದು ಲಾಂಗ್ ಬೋ ಕೈಗೆ ಬಂತು. ಈ ವರ್ಷ ಅದು ಕೈಗೆ ಎಷ್ಟು ಒಗ್ಗಿತ್ತೆಂದರೆ ಪ್ಲೇಟಿನ ನಡುವೆ ಒಂದೇ ತೂತು, ಅದೇ ದೊಡ್ಡದಾಗುತ್ತ ಹೋಗುತ್ತಿತ್ತು. ಕೆರೆಯ ಹತ್ತಿರ ಕವಲು ಕೊಂಬಿನ ಗಂಡು ಜಿಂಕೆಯೊಂದು ಸಂಜೆ ಹೊತ್ತು ಬರುವುದನ್ನೂ ಗೊತ್ತು ಮಾಡಿಕೊಂಡಿದ್ದರು. ಕೊಂಬು ಕವಲೊಡೆಯದ್ದನ್ನು ಇಲ್ಲಿ ಹೊಡೆಯುವಂತಿಲ್ಲ. ಉಳಿದದ್ದು ಸೀಸನ್ನಿನ ಕೊನೆಯ ಶನಿವಾರ, ಭಾನುವಾರ.

ಶನಿವಾರ ಬೆಳಗಿನ ಜಾವ ಹೋಗಿ ಹನ್ನೊಂದಕ್ಕೆ ಬಂದರು. ನಾಲ್ಕಕ್ಕೆ ಮತ್ತೆ ಹೋಗುವುದು ತಾನೇ ಎಂದು ಲಾಂಗ್ ಬೋವನ್ನು ಹೆದೆ ಬಿಚ್ಚದೆ ಗೋಡೆಗೆ ತೂಗುಹಾಕಿ ಮಲಗಿದರು.

ಅತಿಥಿಗಳ ಕೋಣೆಯಲ್ಲಿ ಆಗ ಇದ್ದವರು ಅವರ ಸೋದರತ್ತೆ ದ್ಯಾಮವ್ವ. ಆರು ತಿಂಗಳ ವೀಸಾದ ಮೇಲೆ ಬಂದವರು, ಎಪ್ಪತ್ತೆಂಟರಲ್ಲೂ ಒಂದು ಗಳಿಗೆ ಸುಮ್ಮನೆ ಕೂರದವರು. ಆ ದಿನ ಮಧ್ಯಾಹ್ನ ಅಮಾವಾಸ್ಯೆ ಹತ್ತಿತ್ತು. ಅವರ ಊರಿನಲ್ಲಿ ಅಮಾವಾಸ್ಯೆ ಬಂತೆಂದರೆ ಗಾಡಿ, ಮಿಷನ್ನು, ದುಡಿಯುವ ಸಾಮಾನು ಎಲ್ಲವನ್ನೂ ತೊಳೆದು ಪೂಜೆ ಮಾಡಬೇಕು. ಮನೆಯೆಲ್ಲ ಮಲಗಿರುವಾಗ ದ್ಯಾಮವ್ವ ಕೆಲಸಕ್ಕೆ ಇಳಿದರು. ಎರಡು ಕಾರಿಗೂ ಪೈಪು ಹಿಡಿದರು. ಹುಲ್ಲು ಕತ್ತರಿಸುವ ಮಿಷನ್ನಿಗೆ ಸ್ನಾನವಾಯಿತು. ಕಪಾಟಿನಿಂದ ಎರಡು, ಗೋಡೆಯಿಂದ ಒಂದು, ಬಾಣಗಳ ಮೂರು ಕಟ್ಟು, ಎಲ್ಲಕ್ಕೂ ಬಿಸಿನೀರು ಮತ್ತು ಸೀಗೆಪುಡಿ. ಆಮೇಲೆ ಮೂವತ್ತೆಂಟು ಡಿಗ್ರಿ ಬಿಸಿಲಿನ ಡ್ರೈವ್‌ವೇಯಲ್ಲಿ, ಕಾದ ಕಾಂಕ್ರೀಟಿನ ಮೇಲೆ ಸಾಲಾಗಿ ಒಣಗಿಸಿ, ವಿಭೂತಿ ಎಳೆದು, ಕುಂಕುಮ ಇಟ್ಟು, ಒಂದೊಂದಕ್ಕೆ ಒಂದೊಂದು ನಿಂಬೆಹಣ್ಣು.

ಮೂರು ಗಂಟೆಗೆ ಎದ್ದು ಬಂದ ಕುಬೇರಪ್ಪ ಬಾಗಿಲಲ್ಲೇ ನಿಂತರು. ಎದುರು ಮನೆಯ ನಾನು ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿದೆ.

"ಅತ್ತಿ, ಇದೇನ್ರೀ?"

"ಇವತ್ತ ಅಮಾಸಿ ಅಲ್ಲೇನೋ ತಮ್ಮಾ. ನಿನ್ನ ಬಿಲ್ಲಿನ ಮ್ಯಾಲ ಎಷ್ಟು ಧೂಳ ಕುಂತಿತ್ತು ಅಂತಿ! ಅದಕ್ಕ ನಿನಗ ಜಿಂಕಿ ಸಿಗವಲ್ದು. ಈಗ ಹೋಗು, ಸಿಗ್ತದ."

ಕುಬೇರಪ್ಪ ಲಾಂಗ್ ಬೋವನ್ನು ಎತ್ತಿಕೊಂಡು ಮೆಲ್ಲಗೆ ಎಳೆದರು. ಒಣಗಿದ ಕಟ್ಟಿಗೆ ಸೀಳಿದ ಸದ್ದು. ಅಂಟು ಬಿಟ್ಟು, ಬಿದಿರಿನ ಪಟ್ಟಿ ಮರದಿಂದ ಬಾಯಿ ತೆರೆದಿತ್ತು. ಗಿಡ್ಡ ಬಿಲ್ಲಿನ ತೊಗಲಿನ ಹಿಡಿ ಮಳೆಯಲ್ಲಿ ನೆಂದ ಚಪ್ಪಲಿಯಂತೆ ಉಬ್ಬಿತ್ತು. ಗಟ್ಟಿಯಾಗಿ ಉಳಿದದ್ದು ರಿಕರ್ವ್ ಒಂದೇ. ಆದರೆ ಅದನ್ನು ಮುಟ್ಟಿ ಎಂಟು ವಾರವಾಗಿತ್ತು, ಅದರ ಬಾಣಗಳ ಗರಿಗಳು ಮಿಂದ ಕೋಳಿಯಂತೆ ಮುದುಡಿದ್ದವು.

ಸದ್ದು ಕೇಳಿ ದ್ಯಾಮವ್ವನ ಮುಖ ಇಳಿಯಿತು. "ಮುರೀತೇನೋ? ನಾ ಏನರ ತಪ್ಪು ಮಾಡಿದ್ನೇನು?"

ಇಂಥ ಹೊತ್ತಿನಲ್ಲಿ ನನ್ನ ಬಾಯಿಂದ ಏನು ಬರುತ್ತಿತ್ತೋ, ಬರೆಯುವಂತಿಲ್ಲ. ಕುಬೇರಪ್ಪ ಬಿಲ್ಲನ್ನು ಕೆಳಗಿಟ್ಟು ಹೇಳಿದರು: "ಇಲ್ಲ ಅತ್ತಿ, ತಪ್ಪು ನಂದು. ಹೆದಿ ಬಿಚ್ಚಿ ಇಡಬೇಕಿತ್ತು, ಇಡಲಿಲ್ಲ. ಕುಂಕುಮ ಭಾಳ ಚಂದ ಹಚ್ಚೀರಿ ನೋಡ್ರಿ." ಆಮೇಲೆ ಒಬ್ಬರೇ ಹಿತ್ತಲಿಗೆ ಹೋಗಿ ಹತ್ತು ನಿಮಿಷ ಕೂತು ಬಂದರು. ಎರಡು ಚಳಿಗಾಲದ ಕೆಲಸ ಅದು.

ಸಂಜೆಯ ಬೇಟೆ ತಪ್ಪಿತು. ವಿಜಯಶ್ರೀ ಇಡ್ಲಿ ಪಾತ್ರೆ ಒಲೆಗೇರಿಸಿದರು. ತೊಯ್ದ ಗರಿಯನ್ನು ಉಗಿಯಲ್ಲಿ ಹಿಡಿದರೆ ನೆಟ್ಟಗಾಗುತ್ತದೆ ಎಂದು ಗಂಡನೇ ಎಂದೋ ಹೇಳಿದ್ದು ಅವರಿಗೆ ನೆನಪಿತ್ತು. ಒಂದೊಂದೇ ಬಾಣವನ್ನು ಉಗಿಯಲ್ಲಿ ತಿರುಗಿಸುತ್ತ, "ಇಡ್ಲಿಗಿಂತ ಬೇಗ ಏಳ್ತಾವ ನೋಡ್ರಿ" ಎಂದರು. ಹನ್ನೆರಡು ಬಾಣ ಎದ್ದು ನಿಂತವು. ಕುಬೇರಪ್ಪ ಮಾತ್ರ ಏಳಲಿಲ್ಲ. ಫೋನಿನಲ್ಲಿ ಕಿರಣಕುಮಾರ ಬೇಡಿಕೊಳ್ಳುತ್ತಿದ್ದ.

"ಸರ್, ನನ್ನ ಕಾಂಪೌಂಡ್ ತಗೊಂಡೋಗಿ ಸರ್. ನಲವತ್ತು ಹೆಜ್ಜೆಯಿಂದ ಹೊಡೀಬಹುದು. ಅಜ್ಜಿ ಊಟಕ್ಕೆ ಕಾಯ್ತಿದಾರೆ ಅಂತೀರಿ."

"ಅದಕ್ಕೂ ಹತ್ತು ದಿನ ಸೂತಕ ಹಿಡೀತದಪಾ."

"ರಿಕರ್ವ್‌ಗೂ ಹಿಡಿಯುತ್ತಲ್ಲ ಸರ್?"

ಕುಬೇರಪ್ಪ ಫೋನು ಕೆಳಗಿಟ್ಟರು. ತಾವೇ ಮಾಡಿದ ಕಾಯಿದೆ ಒಂದು ಕಡೆ, ಕೊನೆಯ ದಿನದವರೆಗೂ ಬರುತ್ತೇನೆಂದ ಮಾತು ಇನ್ನೊಂದು ಕಡೆ. ಕಾಯಿದೆ ಮುರಿದು ಹೊಡೆದು, ಜಿಂಕೆ ಗಾಯಗೊಂಡು ಓಡಿದರೆ ಆ ಮುದುಕಿ ತನ್ನ ಬೆಟ್ಟದಿಂದ ಹೊತ್ತೊಯ್ಯುವ ಕೊನೆಯ ನೆನಪು ಅದೇ ಆಗುತ್ತದೆ.

ಹೋಗುವುದು ಕೊಟ್ಟ ಮಾತಿಗಾಗಿ, ಹೊಡೆಯುವುದು ಬಿಡುವುದು ಪ್ಲೇಟು ಹೇಳಿದಂತೆ ಎಂದುಕೊಂಡು ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ರಿಕರ್ವ್ ಹಿಡಿದು ಹೊರಟರು. ಮಿಸಸ್ ಫ್ರೇಟಸ್ ಪ್ಲೇಟು ಸಿಕ್ಕಿಸಿಯೇ ಕಾದಿದ್ದಳು. ಇಪ್ಪತ್ತು ಹೆಜ್ಜೆ. ಮೊದಲ ಬಾಣ ಪ್ಲೇಟಿನಿಂದ ನಾಲ್ಕು ಬೆರಳು ಎಡಕ್ಕೆ, ಬೇಲಿಯ ಗೂಟಕ್ಕೆ ನಾಟಿತು.

ಆಕೆ ಆ ಕಡೆ ಈ ಕಡೆ ನೋಡಿ, "ನಾನು ನೋಡಲಿಲ್ಲ. ಇನ್ನೊಂದು ಹೊಡಿ" ಎಂದಳು. ತನ್ನ ಷರತ್ತನ್ನು ತಾನೇ ಮುರಿಯಲು ಆಕೆ ತಯಾರಿದ್ದಳು ಎಂದರೆ ಆ ಊಟದ ಆಸೆ ಎಷ್ಟಿರಬೇಕು.

"ಜಿಂಕೆ ನೋಡಿರುತ್ತೆ" ಎಂದರು ಕುಬೇರಪ್ಪ.

ಆಮೇಲೆ ಅವರು ಮಾಡಿದ್ದನ್ನು ವಿಜಯಶ್ರೀ ಹೇಳಿದಾಗ ನಾನು ಮೊದಲು ನಂಬಲಿಲ್ಲ. ಸೀಸನ್ನಿನ ಕೊನೆಯ ಮಧ್ಯಾಹ್ನ, ಸೂರ್ಯ ಮುಳುಗಲು ಆರೂವರೆ ತಾಸು ಇರುವಾಗ, ಬಿಲ್ಲು ಕೆಳಗಿಟ್ಟು ಅರ್ಧ ಗಂಟೆ ಜಗಲಿಯಲ್ಲಿ ಕೂತರು. ಮೈ ಪೂರ್ತಿ ತಣ್ಣಗಾಗಬೇಕು. ಎದ್ದು ಹದಿನೈದು ಹೆಜ್ಜೆಯಿಂದ ಒಂದು ಬಾಣ: ಪ್ಲೇಟಿನ ಅಂಚು. ಸಾಲದು. ಮತ್ತೆ ಅರ್ಧ ಗಂಟೆ ಕೂತರು. ಆಕೆ ಬೆಳ್ಳುಳ್ಳಿ ಸುಲಿಯುತ್ತಿದ್ದವಳು ಅದನ್ನೂ ಬಿಟ್ಟು ಪಕ್ಕದಲ್ಲಿ ಕೂತಳು. ಹತ್ತು ಹೆಜ್ಜೆಯಿಂದ ಒಂದು: ನಡುವೆ. ಅದು ಅದೃಷ್ಟ ಇರಬಹುದೆಂದು ಮತ್ತೆ ಅರ್ಧ ಗಂಟೆ. ಹತ್ತರಿಂದ ಇನ್ನೊಂದು: ನಡುವೆ, ಮೊದಲಿನದರ ಪಕ್ಕದಲ್ಲೇ. ನಾಲ್ಕು ಬಾಣಕ್ಕೆ ಒಂದೂವರೆ ತಾಸು ಖರ್ಚು.

"ಹತ್ತು ಹೆಜ್ಜೆ" ಎಂದರು. "ಅದಕ್ಕಿಂತ ಒಂದು ಹೆಜ್ಜೆ ದೂರ ಇದ್ದರೂ ಹೊಡೆಯೋದಿಲ್ಲ."

"ಹತ್ತು ಹೆಜ್ಜೆಗೆ ಯಾವ ಜಿಂಕೆ ಬರುತ್ತೆ, ಕುಬಿ?"

"ಅದು ಬರದಿದ್ದರೆ ನಾನು ಹೋಗ್ತೀನಿ."

ಕೆರೆಯ ಮೇಲಿನ ಇಳಿಜಾರಿನಲ್ಲಿ ಐದು ಗಂಟೆಯ ಹೊತ್ತಿಗೆ ಆ ಕವಲು ಕೊಂಬಿನದು ಕಂಡಿತು, ಓಕ್ ಮರದ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತ. ಇಪ್ಪತ್ತಾರು ಹೆಜ್ಜೆ. ಗಾಳಿ ಅದರ ಕಡೆಯಿಂದ ಇವರ ಕಡೆಗೆ. ಲಾಂಗ್ ಬೋ ಆಗಿದ್ದರೆ ಆರು ಹೆಜ್ಜೆ ಮುಂದೆ ಹೋದರೆ ಸಾಕಿತ್ತು. ಈಗ ಹದಿನಾರು. ಸೆಪ್ಟೆಂಬರಿನ ಓಕ್ ಎಲೆ ಹಪ್ಪಳವಿದ್ದಂತೆ, ತುಳಿದರೆ ಬೆಟ್ಟಕ್ಕೆಲ್ಲ ಕೇಳುತ್ತದೆ. ಕುಬೇರಪ್ಪ ಬೂಟು ಬಿಚ್ಚಿದರು. ಉಣ್ಣೆಯ ಕಾಲುಚೀಲದಲ್ಲಿ ಬಗ್ಗಿ, ಮುಂದಿನ ಪಾದ ಊರಬೇಕಾದ ಜಾಗದ ಎಲೆಗಳನ್ನು ಬೆರಳಿನಿಂದ ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟು, ಅಂಗೈಯಗಲದ ಮಣ್ಣು ಕಂಡ ಮೇಲೆ ಪಾದ ಇಟ್ಟರು. ಗಾಳಿ ಬೀಸಿ ಮರ ಸದ್ದು ಮಾಡಿದಾಗ ಮಾತ್ರ ಹೆಜ್ಜೆ. ಗಾಳಿ ನಿಂತರೆ ಅವರೂ ನಿಂತರು, ಒಂದು ಕಾಲು ಎತ್ತಿದ್ದರೆ ಎತ್ತಿದ ಹಾಗೇ. ಹದಿನಾರು ಹೆಜ್ಜೆಗೆ ಒಂದು ತಾಸು ನಲವತ್ತು ನಿಮಿಷ. ಅಷ್ಟು ಹೊತ್ತಿನಲ್ಲಿ ಡಬ್ಲಿನ್ನಿನಿಂದ ರೆಡ್‌ವುಡ್ ಸಿಟಿಗೆ ಹೋಗಬಹುದು, ಫ್ರೀವೇಯಲ್ಲಿ ಟ್ರಾಫಿಕ್ಕು ಇದ್ದರೂ.

ಹತ್ತು ಹೆಜ್ಜೆಯಲ್ಲಿ ಜಿಂಕೆ ಎದ್ದು ಬಲಕ್ಕೆ ಮುಖಮಾಡಿ ನಿಂತು ಪಕ್ಕೆ ತೋರಿಸಿತು. ಬಿಲ್ಲು ಎತ್ತಿದರು. ಎತ್ತಿದಾಗ ಗೊತ್ತಾಯಿತು, ಕೈ ಮೂರು ವಾರದ ರೂಢಿಯಿಂದ ಲಾಂಗ್ ಬೋವನ್ನು ಹಿಡಿಯುವಂತೆ ಅಂಗೈಯ ಬುಡವನ್ನು ಒತ್ತಿ ಹಿಡಿದಿದೆ. ರಿಕರ್ವನ್ನು ಹೀಗೆ ಹಿಡಿದರೆ ಬಾಣ ಎಡಕ್ಕೆ, ಮಧ್ಯಾಹ್ನದ ಬೇಲಿಗೂಟದ ಹಾಗೆ. ಎಡಕ್ಕೆ ಎಂದರೆ ಹೊಟ್ಟೆಗೆ.

ಬಿಲ್ಲು ಇಳಿಸಿದರು.

ಐದು ವರ್ಷ ಕಾದು, ಎದುರಿಗೆ ಜಿಂಕೆ ನಿಂತಿರುವಾಗ ಬಿಲ್ಲು ಇಳಿಸಿ ಹಿಡಿ ಸರಿಮಾಡಿಕೊಂಡವರ ಎದೆ ಎಂಥದ್ದೋ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಜಿಂಕೆ ಮೂರು ಹೆಜ್ಜೆ ಆಚೆ ಸರಿಯಿತು. ಹದಿಮೂರು. ಕುಬೇರಪ್ಪ ಎಳೆಯಲಿಲ್ಲ. ಅದು ಕಿವಿ ಆಡಿಸಿತು, ನೆಲ ಮೂಸಿತು, ಬಾಲ ಬಡಿಯಿತು. ಬೆಳಕು ಹಳದಿಯಿಂದ ಕೆಂಪಿಗೆ ಬಂತು. ಕೊನೆಗೆ ನೀರಿನ ಕಡೆಗೆ ಹೊರಟಿತು, ಆ ದಾರಿ ಇವರ ಎದುರಿಗೇ ಇತ್ತು. ಒಂಬತ್ತು ಹೆಜ್ಜೆಯಲ್ಲಿ ಅದರ ತಲೆ ಮರದ ಕಾಂಡದ ಹಿಂದೆ ಹೋದಾಗ ಎಳೆದು ಬಿಟ್ಟರು. ಜಿಂಕೆ ಮೂವತ್ತು ಹೆಜ್ಜೆ ಓಡಿ, ಮಂಡಿಯೂರಿ, ಒರಗಿತು. ತಮ್ಮ ಕಾಲಿಗೆ ಮುಳ್ಳು ಚುಚ್ಚಿದ್ದು ಕುಬೇರಪ್ಪನವರಿಗೆ ಆಮೇಲೆ ತಿಳಿಯಿತಂತೆ.

ಹತ್ತಿರ ಹೋಗಿ ಅದರ ಕತ್ತಿನ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ ಎಂದರು.

ಬುಧವಾರ ಸಂಜೆ ಮಿಸಸ್ ಫ್ರೇಟಸ್ ಮನೆಯಲ್ಲಿ ಊಟ. ಸಾಮಾನೆಲ್ಲ ಡಬ್ಬಗಳಿಗೆ ಸೇರಿ ಮೇಜು, ಕುರ್ಚಿ, ಒಂದು ದೊಡ್ಡ ಪಾತ್ರೆ, ಗೋಡೆಯ ಸಂತ ಇಷ್ಟೇ ಉಳಿದಿದ್ದವು. ಸೊಪ್ಪುಸದೆ ತಿನ್ನುವ ನನಗೆ ಬ್ರೆಡ್ಡು ಮತ್ತು ಆಲಿವ್. ದ್ಯಾಮವ್ವ ಜೋಳದ ರೊಟ್ಟಿ ಬಡಿದು ತಂದಿದ್ದರು. ಬಿಲ್ಲು ಮುರಿದಾಗಿನಿಂದ ಅವರು ಸರಿಯಾಗಿ ಉಂಡಿರಲಿಲ್ಲ. ಮಿಸಸ್ ಫ್ರೇಟಸ್ ಮೊದಲ ತುಂಡನ್ನು ರೊಟ್ಟಿಯಲ್ಲಿ ಸುತ್ತಿ ಬಾಯಿಗಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದಳು. ಎಲ್ಲರೂ ಕೈ ತಡೆದು ಕೂತಿದ್ದೆವು.

"ಬೆಳ್ಳುಳ್ಳಿ ಒಂಚೂರು ಜಾಸ್ತಿಯಾಯಿತು" ಎಂದಳು. "ಅವನಿಗೆ ಹೀಗೇ ಬೇಕಿತ್ತು." ಎರಡನೆಯ ಸಲ ಬಡಿಸಿಕೊಂಡಳು, ಮೂರನೆಯ ಸಲವೂ. ದ್ಯಾಮವ್ವ ಆಕೆಯ ತಟ್ಟೆ ನೋಡಿ, ತಮ್ಮ ತಟ್ಟೆಗೂ ಹಾಕಿಸಿಕೊಂಡರು.

ಊಟವಾದ ಮೇಲೆ ಉಳಿದ ಮಾಂಸವನ್ನು ಕ್ಯಾಂಪ್‌ಬೆಲ್ಲಿನ ಫ್ರೀಜರಿಗೆಂದು ಪೊಟ್ಟಣ ಕಟ್ಟುವ ಕೆಲಸ. ಕುಬೇರಪ್ಪ ಕತ್ತರಿಸಿ ಕೊಟ್ಟರು, ದ್ಯಾಮವ್ವ ಸುತ್ತಿದರು, ಮಿಸಸ್ ಫ್ರೇಟಸ್ ಪ್ರತಿ ಪೊಟ್ಟಣದ ಮೇಲೆ ತಿಂಗಳ ಹೆಸರು ಬರೆದಳು. ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ. ಅದಾದ ಮೇಲೆ ಒಮ್ಮೆಗೇ 'ಈಸ್ಟರ್'.

"ನಡುವಿನದು ಬಿಟ್ಟಿರಲ್ಲ?" ಎಂದರು ಕುಬೇರಪ್ಪ. ಕಾನ್ವೆಂಟಿನ ಋಣ ತೀರಿಸುವ ಅವಕಾಶ ನನಗೆ ಸಿಕ್ಕಿತು. ಈಸ್ಟರಿನ ಹಿಂದಿನ ನಲವತ್ತು ದಿನ ವ್ರತ, ಈಕೆ ಮಾಂಸ ಮುಟ್ಟುವುದಿಲ್ಲ ಎಂದು ಕನ್ನಡದಲ್ಲಿ ಹೇಳಿದೆ.

ದ್ಯಾಮವ್ವ ಸುತ್ತುವುದನ್ನು ನಿಲ್ಲಿಸಿ ಆಕೆಯ ಮುಖ ನೋಡಿದರು. "ಹಂಗಂದ್ರ ಇವರಿಗೂ ಶ್ರಾವಣ ಐತೇನು?"

ವಿಜಯಶ್ರೀ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಮಿಸಸ್ ಫ್ರೇಟಸ್ ಪೆನ್ನು ಕೆಳಗಿಟ್ಟು, ನಿಮ್ಮದು ಎಷ್ಟು ದಿನ ಎಂದು ಕೇಳಿದಳು.

"ಒಂದು ತಿಂಗಳು" ಎಂದರು ವಿಜಯಶ್ರೀ.

"ಒಂದೇ ತಿಂಗಳಾ?" ಎಂದು ಆಕೆ ಹತ್ತು ದಿನಗಳ ಅಂತರದಿಂದ ಗೆದ್ದ ಹೆಮ್ಮೆಯಲ್ಲಿ ದ್ಯಾಮವ್ವನ ಕೈಯಿಂದ ಮುಂದಿನ ಪೊಟ್ಟಣ ತೆಗೆದುಕೊಂಡು ಮೇ ಎಂದು ಬರೆದಳು.